ಮೇಸ್ತ್ರಿಯ ಸೀಮೆ: ನಂಜನಗೂಡು, ತಿ. ನರಸೀಪುರಗಳಲ್ಲಿ ಸರ್ಕಾರಿ ಕಟ್ಟಡಗಳ ಮರಾಮತ್ತು ನಡೆದುಬಂದ ದಾರಿ

1856ಕ್ಕೆ ಮೊದಲು ಮತ್ತು ನಂತರ

ಮೈಸೂರು ಸಂಸ್ಥಾನದಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿದ್ದು 1856ರಲ್ಲಿ, ಮಾರ್ಕ್ ಕಬ್ಬನ್ ಕಮಿಷನರಾಗಿದ್ದಾಗ. ಅದಕ್ಕೆ ಮೊದಲು ಕೆರೆಕಟ್ಟೆ, ಛತ್ರ, ಕಚೇರಿಗಳ ದುರಸ್ತಿ ಕಂದಾಯದವರ ತಲೆಗೆ ಕಟ್ಟಿದ ಕೆಲಸವಾಗಿತ್ತು. ತಾಲ್ಲೂಕಿನ ಅಮಲ್ದಾರರಿಗೆ ವಸೂಲಿ, ತಕರಾರು, ಜಾತ್ರೆಯ ಬಂದೋಬಸ್ತು ಎಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಮರಾಮತ್ತು. ಸೋರುವ ಕಚೇರಿ ಸೋರುತ್ತಲೇ ಇರುತ್ತಿತ್ತು ಎಂದು ಊಹಿಸಲು ದೊಡ್ಡ ದಾಖಲೆಯೇನೂ ಬೇಡ. ಕಟ್ಟುವುದಕ್ಕೂ ಕಾಪಾಡುವುದಕ್ಕೂ ಪ್ರತ್ಯೇಕ ಇಲಾಖೆ ಬೇಕು ಎಂಬ ತಿಳಿವಳಿಕೆಯೇ ಆ ಕಾಲಕ್ಕೆ ಹೊಸದು.

ಆದರೆ ನಂಜನಗೂಡಿನ ಮಟ್ಟಿಗೆ ಈ ಕಸುಬು ಇಲಾಖೆಗಿಂತ ಬಹಳ ಹಿರಿಯದು. ಶ್ರೀಕಂಠೇಶ್ವರ ದೇವಾಲಯದ ಉದ್ದ 385 ಅಡಿ, ಅಗಲ 160 ಅಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1840ರ ದಶಕದಲ್ಲಿ, ರಾಣಿ ದೇವಾಜಮ್ಮಣ್ಣಿಯವರು ಎತ್ತಿಸಿದ ಮಹಾದ್ವಾರದ ಗೋಪುರ 120 ಅಡಿ ಎತ್ತರದ್ದು. ಅದು ಇಟ್ಟಿಗೆ, ಸುಣ್ಣದ ಗಾರೆಯ ಕೆಲಸ. ಗಾರೆಯ ಗೊಂಬೆಗಳಿಗೆ ಬಿಸಿಲು, ಮಳೆ, ಪಾರಿವಾಳ, ಕೋತಿ ಎಲ್ಲವೂ ಶತ್ರುಗಳೇ. ಸಂದಿನಲ್ಲಿ ಒಂದು ಅರಳಿ ಬೀಜ ಬಿದ್ದರೆ ನಾಲ್ಕು ಮಳೆಗಾಲದೊಳಗೆ ಬೇರು ಗೋಡೆಯನ್ನೇ ಸೀಳುತ್ತದೆ. ಇಂಥ ಆವರಣವನ್ನು ನೋಡಿಕೊಳ್ಳಲು ಕಲ್ಲುಕುಟಿಗ, ಗಾರೆಯವನು, ಬಡಗಿ, ಕಮ್ಮಾರ ಎಲ್ಲರೂ ಕೂಗಳತೆಯಲ್ಲೇ ಇರಬೇಕಿತ್ತು. ತೇರಿನ ಅಚ್ಚು ಬಿಗಿ ಮಾಡುವ ಬಡಗಿಗೆ ಆ ಅಚ್ಚಿನ ಮರ ಎಂಥದ್ದು, ಹೋದ ವರ್ಷ ಎಲ್ಲಿ ಸೀಳಿತ್ತು ಎಂಬುದು ಗೊತ್ತಿರಬೇಕು. ಇಂದಿಗೂ ಜಾತ್ರೆಗೆ ಮೊದಲು ತೇರನ್ನು ಪರೀಕ್ಷಿಸಿ, ಎಳೆಯಲು ಯೋಗ್ಯವಾಗಿದೆ ಎಂದು ಲೋಕೋಪಯೋಗಿ ಇಂಜಿನಿಯರರು ಪ್ರಮಾಣಪತ್ರ ಕೊಡುವ ವಾಡಿಕೆ ನಾಡಿನ ಜಾತ್ರೆಗಳಲ್ಲಿದೆ. ಸಹಿ ಇಂಜಿನಿಯರರದು, ಚಕ್ರದ ಮೇಲೆ ಕೈಯಾಡಿಸಿ ಹೇಳುವವನು ಬಡಗಿ.

ಕಪಿಲೆಯ (ಕಬಿನಿಯ) ಮೇಲೆ 1735ರಲ್ಲಿ ಕಟ್ಟಿದ ದಳವಾಯಿ ಸೇತುವೆಯೂ ಈ ಮಾತಿಗೆ ಸಾಕ್ಷಿ. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿ ರೈಲು ಬಂದ ಮೇಲೆ, ಗಾಡಿ ರಸ್ತೆಗೆಂದು ಕಟ್ಟಿದ ಅದೇ ಕಲ್ಲು-ಇಟ್ಟಿಗೆಯ ಕಮಾನುಗಳು ರೈಲನ್ನೂ ಹೊತ್ತವು. ಒಂದೇ ಸೇತುವೆಯ ಮೇಲೆ ಎತ್ತಿನಗಾಡಿ, ಬಸ್ಸು, ರೈಲು ಓಡಾಡಿದ ಆ ದಶಕಗಳಲ್ಲಿ ಪ್ರತಿ ಪ್ರವಾಹದ ನಂತರ ಕಂಬದ ಬುಡ ನೋಡಿ ಬಂದವರ ಹೆಸರು ನಮಗೆ ಸಿಗುವುದಿಲ್ಲ. ಅವರ ಕೆಲಸ ಮಾತ್ರ ಇನ್ನೂ ನಿಂತಿದೆ.

ಅತ್ತ ತಿರುಮಕೂಡಲು ನರಸೀಪುರದಲ್ಲಿ, ಕಾವೇರಿ-ಕಪಿಲೆಯರ ಕೂಡಲಿನ ಸೀಮೆಯಲ್ಲಿ, ಪರಿಸ್ಥಿತಿ ಬೇರೆ. ಅಲ್ಲಿ ಹಳೆಯ ಕಟ್ಟಡಗಳು ಒಂದೇ ಊರಿನಲ್ಲಿಲ್ಲ. ಗುಂಜಾ ನರಸಿಂಹಸ್ವಾಮಿ ದೇವಾಲಯ, ತಲಕಾಡು, ಸೋಮನಾಥಪುರ ಎಂದು ತಾಲ್ಲೂಕಿನ ಉದ್ದಗಲಕ್ಕೆ ಹರಡಿವೆ. ಮೈಸೂರು ಸಂಸ್ಥಾನದಲ್ಲಿ 1885ರಲ್ಲಿ ಪುರಾತತ್ವ ಇಲಾಖೆ ಆರಂಭವಾದ ಮೇಲೆ ಸೋಮನಾಥಪುರದಂಥ ಸ್ಮಾರಕಗಳ ಕಾಳಜಿಗೆ ಬೇರೆ ದಾರಿ ತೆರೆಯಿತು. ಆ ಇಲಾಖೆಯ ಆರ್. ನರಸಿಂಹಾಚಾರ್ಯರು 1917ರಲ್ಲಿ ಅಲ್ಲಿನ ಕೇಶವ ದೇವಾಲಯದ ಬಗ್ಗೆ ಪ್ರತ್ಯೇಕ ಪುಸ್ತಕವನ್ನೇ ಹೊರತಂದರು. 2023ರಲ್ಲಿ ಆ ದೇವಾಲಯ ಬೇಲೂರು, ಹಳೇಬೀಡುಗಳ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಸ್ಮಾರಕಗಳ ಕಥೆ ಹಾಗಿರಲಿ. ಈ ಲೇಖನದ ಕಾಳಜಿ ಯಾವ ಪಟ್ಟಿಗೂ ಸೇರದ ಕಟ್ಟಡಗಳದು: ತಾಲ್ಲೂಕು ಕಚೇರಿ, ಆಸ್ಪತ್ರೆ, ಶಾಲೆ, ಪೊಲೀಸ್ ಠಾಣೆ, ಪ್ರವಾಸಿ ಮಂದಿರ, ನೌಕರರ ವಸತಿಗೃಹ.

1881ರಿಂದ 1947: ಹೆಂಚು, ತಾರಸಿ, ಓವರ್‌ಸಿಯರ್

1881ರಲ್ಲಿ ಆಡಳಿತ ಬ್ರಿಟಿಷರಿಂದ ಒಡೆಯರ ಕೈಗೆ ಮರಳಿದ ಮೇಲೆ ಸಂಸ್ಥಾನದಲ್ಲಿ ಕಟ್ಟಡಗಳು ಹೆಚ್ಚಿದವು. ಆಸ್ಪತ್ರೆ, ಶಾಲೆ, ಮುನ್ಸೀಫ್ ಕೋರ್ಟು, ಅಂಚೆಮನೆಗಳು ತಾಲ್ಲೂಕು ಕೇಂದ್ರಕ್ಕೆ ಬರುವುದೆಂದರೆ ರೈತನೊಬ್ಬ ಕಾಗದ ಪತ್ರಕ್ಕೂ ಔಷಧಿಗೂ ಮೈಸೂರಿಗೆ ನಡೆಯುವುದು ತಪ್ಪುವುದು ಎಂದರ್ಥ. ಹೀಗಾಗಿ ಆ ಕಟ್ಟಡಗಳ ಸೂರು ಸೋರದಂತೆ ನೋಡಿಕೊಳ್ಳುವುದು ಸಣ್ಣ ಕೆಲಸವಾಗಿರಲಿಲ್ಲ. ಔಷಧಿ ನೆನೆದರೆ, ಕಂದಾಯದ ಖಾತೆ ನೆನೆದರೆ, ನಷ್ಟ ಊರಿಗೆ.

ಆ ಕಾಲದ ಸೂರುಗಳಲ್ಲಿ ಎರಡು ಬಗೆ ಮುಖ್ಯ. ಒಂದು ಮಂಗಳೂರು ಹೆಂಚಿನದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಹೆಂಚು ಘಟ್ಟ ಹತ್ತಿ ಮೈಸೂರು ಸೀಮೆಗೂ ಬಂತು. ಇನ್ನೊಂದು ಮದ್ರಾಸ್ ತಾರಸಿ. ಸಾಗುವಾನಿ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಜೋಡಿಸಿ, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಗಾರೆ ಹಾಸಿ, ದಿನಗಟ್ಟಲೆ ಬಡಿದು ಗಟ್ಟಿ ಮಾಡುವ ಸೂರು ಅದು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಚಿಮುಕಿಸುತ್ತ ಸಾಲಾಗಿ ಕೂತ ಹೆಂಗಸರು ಮರದ ಹಲಗೆಯಿಂದ ತಾಳ ತಪ್ಪದೆ ಬಡಿಯುತ್ತಿದ್ದರು. ಹಲಗೆ ಬಡಿದರೆ ಕೈಗೆ ಪುಟಿದು ಬರುವಷ್ಟು ಗಟ್ಟಿಯಾದಾಗ ಮೇಸ್ತ್ರಿ ಸಾಕೆನ್ನುತ್ತಿದ್ದ. ಚೆನ್ನಾಗಿ ಬಡಿದ ತಾರಸಿ ನೂರು ವರ್ಷ ನಿಲ್ಲುತ್ತದೆ, ಆದರೆ ಒಂದು ಷರತ್ತು: ಪ್ರತಿ ಬೇಸಿಗೆಯ ಕೊನೆಗೆ ಯಾರಾದರೂ ಮೇಲೆ ಹತ್ತಿ ಕೂದಲೆಳೆಯ ಬಿರುಕುಗಳನ್ನು ಹುಡುಕಿ ಸುಣ್ಣ ತುಂಬಬೇಕು, ನೀರು ಹೋಗುವ ಬಾಯಿಯಲ್ಲಿ ಕಟ್ಟಿದ ಎಲೆ ತೆಗೆಯಬೇಕು. ಒಂದು ವರ್ಷ ತಪ್ಪಿದರೆ ನೀರು ತೊಲೆಯ ತುದಿಗೆ ಇಳಿಯುತ್ತದೆ. ಆಮೇಲೆ ಉಳಿದದ್ದನ್ನು ಗೆದ್ದಲು ನೋಡಿಕೊಳ್ಳುತ್ತದೆ.

ಹೆಂಚಿನ ಸೂರಿಗೂ ಇದೇ ವರ್ಷದ ಲೆಕ್ಕ. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸಬೇಕು. ಒಬ್ಬ ಪಕಾಸಿಯ ಮೇಲೆ ಕೂತು ಒಂದೊಂದೇ ಹೆಂಚನ್ನು ಎತ್ತಿ, ಬೆನ್ನು ತಟ್ಟಿ, ಸದ್ದು ಕೇಳಿ ಒಡಕನ್ನು ಬೇರೆ ಮಾಡುತ್ತಾನೆ. ಕೆಳಗಿರುವವನು ಹೊಸ ಹೆಂಚು ಕೊಡುತ್ತಾನೆ. ರೀಪಿನಲ್ಲಿ ಗೆದ್ದಲು ಕಂಡರೆ ಬಡಗಿ ಬರಬೇಕು, ಮೂಲೆಯ ಗಾರೆ ಬಿಟ್ಟಿದ್ದರೆ ಗಾರೆಯವನು. ಕೋತಿಗಳ ಕಾಟವಿರುವ ನಂಜನಗೂಡಿನಂಥ ಊರಲ್ಲಿ ವರ್ಷಕ್ಕೊಮ್ಮೆ ಸಾಲದು. ಒಂದು ಸೂರಿಗೆ ಮೂರು ಕಸುಬು ಎಂಬುದನ್ನು ಇಲ್ಲಿ ಗಮನಿಸಬೇಕು. ಮುಂದಿನ ನೂರು ವರ್ಷ ಇಲಾಖೆಯನ್ನು ಕಾಡಿದ ಪ್ರಶ್ನೆಯೇ ಅದು.

ಇಲಾಖೆಯ ಏರ್ಪಾಟು ಸೀಮೆಯ ಮೇಲೆ ನಿಂತಿತ್ತು. ಡಿವಿಜನ್, ಸಬ್ ಡಿವಿಜನ್, ಅದರ ಕೆಳಗೆ ಸೆಕ್ಷನ್. ಸೆಕ್ಷನ್ನಿಗೆ ಓವರ್‌ಸಿಯರ್, ಅವರ ಕೈಕೆಳಗೆ ಮೇಸ್ತ್ರಿ. ಓವರ್‌ಸಿಯರ್ ವರ್ಗವಾಗಿ ಹೋಗುತ್ತಿದ್ದರು. ಮೇಸ್ತ್ರಿ ಅಲ್ಲಿಯವನೇ. ಯಾವ ಗೋಡೆಯ ಅಡಿಪಾಯ ಎರೆಮಣ್ಣಿನಲ್ಲಿದೆ, ನಾಲೆಯ ನೀರು ಬಿಟ್ಟಾಗ ಯಾವ ಕೋಣೆಯ ನೆಲ ತೇವ ಹೀರುತ್ತದೆ, ಯಾವ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ ಎಂಬುದು ಅವನ ತಲೆಯಲ್ಲಿತ್ತು. ಹುಲ್ಲಹಳ್ಳಿ ನಾಲೆ, ಮಾಧವಮಂತ್ರಿ ಕಟ್ಟೆಯ ನಾಲೆಗಳು ಹರಿಯುವ ಈ ಸೀಮೆಯಲ್ಲಿ ನೆಲದ ನೀರು ವರ್ಷದಲ್ಲಿ ಏರಿ ಇಳಿಯುತ್ತದೆ. ಎರೆನೆಲ ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುತ್ತದೆ. ಹೊರಗಿನಿಂದ ಬಂದ ಇಂಜಿನಿಯರಿಗೆ ಗೋಡೆಯ ಬಿರುಕು ಒಂದೇ ಥರ ಕಂಡರೂ ಮೇಸ್ತ್ರಿಗೆ ಅದು ಈ ವರ್ಷದ್ದೋ, ಪ್ರತಿ ವರ್ಷದ್ದೋ ಎಂಬುದು ತಿಳಿದಿರುತ್ತಿತ್ತು. ನನ್ನ ತಿಳಿವಳಿಕೆಯಲ್ಲಿ ಹಳೆಯ ಇಲಾಖೆಯ ನಿಜವಾದ ಆಸ್ತಿ ಈ ನೆನಪು.

1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತು. 1909ರಿಂದ 1912ರವರೆಗೆ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿದ್ದರು. ಅವರ ಕಾಲದಲ್ಲಿ ಆರಂಭವಾದ ಕೃಷ್ಣರಾಜಸಾಗರ ಸುರ್ಕಿ ಗಾರೆಯಲ್ಲಿ ಎದ್ದು ನಿಂತಿತು. ಅಣೆಕಟ್ಟೆಯಂಥ ಮಹಾಕಾರ್ಯ ಇಲಾಖೆಗೆ ಹೆಸರು ತಂದಿತು, ಹುಮ್ಮಸ್ಸು ತಂದಿತು. ಅದರ ಜೊತೆಗೇ ಕಟ್ಟುವವನಿಗೆ ಮನ್ನಣೆ, ಕಾಯುವವನಿಗೆ ಬರೀ ವಾರ್ಷಿಕ ದುರಸ್ತಿಯ ಬಾಬತ್ತು ಎಂಬ ತಾರತಮ್ಯವೂ ಬೆಳೆಯಿತು. ಇನ್ನು ಕಟ್ಟಡಗಳಿಗೆ ದೀಪ ಬಂದಾಗ ವಯರ್‌ಮನ್ ಎಂಬ ಹೊಸ ಕಸುಬುದಾರ ಬಂದ. ಕ್ರಮೇಣ ವಿದ್ಯುತ್ ಶಾಖೆಯೇ ಬೇರೆಯಾಯಿತು. ಅಲ್ಲಿಯವರೆಗೆ ಒಬ್ಬ ಮೇಸ್ತ್ರಿಯ ಕಣ್ಣಳತೆಯಲ್ಲಿದ್ದ ಕಟ್ಟಡಕ್ಕೆ ಇಬ್ಬರು ಯಜಮಾನರಾದರು.

1947ರಿಂದ 1984: ಬೆಳೆದ ಊರು, ಬೆಳೆದ ಪಟ್ಟಿ

ಸ್ವಾತಂತ್ರ್ಯದ ನಂತರದ ಬೆಳವಣಿಗೆಯನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅದು ಎಲ್ಲ ತಾಲ್ಲೂಕುಗಳ ಕಥೆ. ಹೋಬಳಿಗೊಂದು ಆರೋಗ್ಯ ಕೇಂದ್ರ, ಹಳ್ಳಿಗೊಂದು ಶಾಲೆ, ವಿದ್ಯಾರ್ಥಿನಿಲಯ, ಪಶು ಆಸ್ಪತ್ರೆ. 1956ರಲ್ಲಿ ರಾಜ್ಯ ಒಂದಾದಾಗ ಬೇರೆ ಬೇರೆ ಪ್ರಾಂತ್ಯಗಳ ಲೋಕೋಪಯೋಗಿ ಪದ್ಧತಿಗಳೂ ಒಂದಾದವು. 1974ರಲ್ಲಿ ಬೀಚನಹಳ್ಳಿಯ ಕಬಿನಿ ಜಲಾಶಯ ಮುಗಿದು ನೀರಾವರಿ ಹೆಚ್ಚಿತು. ಸುಣ್ಣದ ಗಾರೆ ಹೋಗಿ ಸಿಮೆಂಟು ಬಂತು, ತೊಲೆ ಹೋಗಿ ಆರ್‌ಸಿಸಿ ಬಂತು. ಆರ್‌ಸಿಸಿಗೆ ಮರಾಮತ್ತೇ ಬೇಡ ಎಂಬ ನಂಬಿಕೆಯೂ ಅದರ ಜೊತೆ ಬಂತು. ಆ ನಂಬಿಕೆಗೆ ಕೊಟ್ಟ ಬೆಲೆ ದೊಡ್ಡದು. ಸೋರಿದ ಸ್ಲ್ಯಾಬಿನೊಳಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಚಾವಣಿಯ ಸಿಮೆಂಟು ಚಕ್ಕೆ ಚಕ್ಕೆಯಾಗಿ ಮಕ್ಕಳ ಬೆಂಚಿನ ಮೇಲೆ ಉದುರುವುದನ್ನು ನಾವು ಮುಂದೆ ನೋಡಬೇಕಾಯಿತು.

ಕೆಲಸ ಬೆಳೆದಂತೆ ಕೈಗಳೂ ಬೇಕಾದವು. ಕಾಯಂ ಹುದ್ದೆಗಳು ಕಡಿಮೆ. ವರ್ಕ್‌ಚಾರ್ಜ್ ನೌಕರರು, ಮಸ್ಟರ್ ರೋಲಿನ ದಿನಗೂಲಿಗಳು ಆ ಕೊರತೆ ತುಂಬಿದರು. ಎನ್‌ಎಂಆರ್ ಎಂದೇ ಎಲ್ಲರೂ ಕರೆಯುತ್ತಿದ್ದ ಆ ಪಟ್ಟಿಯಲ್ಲಿ ಗಾರೆಯವರು, ಪೈಪಿನವರು, ವಾಚ್‌ಮನ್‌ಗಳು, ಬರೆಯುವ ಕೆಲಸದವರು ಎಲ್ಲರೂ ಇದ್ದರು. ಬೆಳಿಗ್ಗೆ ಕಚೇರಿ ಮುಂದೆ ಹಾಜರಿ, ಆಮೇಲೆ ಎಲ್ಲಿಗೆ ಕಳಿಸಿದರೆ ಅಲ್ಲಿಗೆ. ಹತ್ತು, ಹದಿನೈದು ವರ್ಷ ಹೀಗೆ ದುಡಿದವರ ಭವಿಷ್ಯದ ಬಗ್ಗೆ ಇಲಾಖೆಯ ಒಳಗೂ ಹೊರಗೂ ಭಿನ್ನ ಅಭಿಪ್ರಾಯಗಳಿದ್ದವು. ಯಾರ ಮನಸ್ಸಿನಲ್ಲೂ ದುರುದ್ದೇಶವಿರಲಿಲ್ಲ, ಇದ್ದದ್ದು ಹಣದ ಮಿತಿ. ಆದರೂ ಬದುಕು ಅವರದು ಎಂಬುದನ್ನು ಮರೆಯುವಂತಿಲ್ಲ.

1984ರಿಂದ 2012: ದಿನಗೂಲಿ ಪ್ರಶ್ನೆ, ಜಿಲ್ಲಾ ಪರಿಷತ್ತು, ಟೆಂಡರು

1984ರ ಜುಲೈ 1 ಈ ಕಥೆಯಲ್ಲಿ ಒಂದು ಗಡಿ. ಅದರಿಂದಾಚೆಗೆ ಹೊಸ ದಿನಗೂಲಿ ನೇಮಕ ಕೂಡದು ಎಂದು ಸರ್ಕಾರ ನಿಷೇಧ ಹಾಕಿತು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1990ರ ತೀರ್ಪಿನಿಂದ ರಾಜ್ಯದಾದ್ಯಂತ ಹಂತ ಹಂತವಾಗಿ ಸಕ್ರಮ ಮಾಡುವ ಯೋಜನೆ ರೂಪುಗೊಂಡಿತು. ಮೈಸೂರು ಜಿಲ್ಲೆಯ ತಾಲ್ಲೂಕುಗಳ ದಿನಗೂಲಿಗಳೂ ಆ ತೀರ್ಪಿನ ಪ್ರತಿಗಾಗಿ ಕಾದವರೇ. 2006ರ ಏಪ್ರಿಲ್ 10ರಂದು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ನಿಯಮ ಮೀರಿ ನೇಮಕವಾದವರಿಗೆ ಕಾಯಮಾತಿ ಹಕ್ಕಿಲ್ಲ ಎಂದಿತು. ಅದೂ ಕರ್ನಾಟಕದಿಂದಲೇ ಹೋದ ಪ್ರಕರಣ. ಉಳಿದುಹೋದವರಿಗಾಗಿ ರಾಜ್ಯ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಅಧಿನಿಯಮ ತಂದು ಸೇವಾಭದ್ರತೆ ಕೊಟ್ಟಿತು. ಇಲಾಖೆಯ ಚರಿತ್ರೆಯಲ್ಲಿ ಸೇತುವೆ, ರಸ್ತೆಗಳಷ್ಟೇ ದೊಡ್ಡ ಮೈಲಿಗಲ್ಲು ಇದೆಂದು ನಾನು ಎಣಿಸುತ್ತೇನೆ.

ಆದರೆ ಈ ಇಪ್ಪತ್ತೆಂಟು ವರ್ಷಗಳಲ್ಲಿ ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆಯಿತು. ಹೊಸಬರು ಬರಲಿಲ್ಲ, ಇದ್ದವರಿಗೆ ವಯಸ್ಸಾಯಿತು. ಮೇಸ್ತ್ರಿ ನಿವೃತ್ತನಾದಾಗ ಅವನ ಜಾಗಕ್ಕೆ ಯಾರೂ ಬರಲಿಲ್ಲ. ಅವನ ತಲೆಯಲ್ಲಿದ್ದ ನಕ್ಷೆ ಅವನ ಜೊತೆಗೇ ಮನೆಗೆ ಹೋಯಿತು.

1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು, ಗ್ರಾಮೀಣ ಕಟ್ಟಡಗಳು ಪರಿಷತ್ತಿನ ಇಂಜಿನಿಯರಿಂಗ್ ವಿಭಾಗದ ಪಾಲಾದವು. 1993ರ ಪಂಚಾಯತ್ ರಾಜ್ ಅಧಿನಿಯಮ ಬಂದ ಮೇಲೆ ಆ ವಿಭಜನೆ ಇನ್ನೂ ಗಟ್ಟಿಯಾಯಿತು. ಜನರ ಹತ್ತಿರಕ್ಕೆ ಅಧಿಕಾರ ಬಂದದ್ದು ದೊಡ್ಡ ಲಾಭ. ಹಳ್ಳಿಯ ಶಾಲೆಯ ಕಿಟಕಿಗೆ ಮೈಸೂರಿನ ಸಹಿ ಬೇಡವಾಯಿತು. 2001ರ ನಂತರ ಶಾಲಾಭಿವೃದ್ಧಿ ಸಮಿತಿಗಳೂ ಸಣ್ಣ ದುರಸ್ತಿಯ ಹೊಣೆ ಹೊತ್ತವು, ಎಷ್ಟೋ ಕಡೆ ಊರಿನವರೇ ಶ್ರಮದಾನದಿಂದ ಹೆಂಚು ಹೊದಿಸಿದರು. ಯಾವ ಕಟ್ಟಡ ಯಾರದು ಎಂಬ ವಿಷಯದಲ್ಲಿ ಇಲಾಖೆಗಳ ನಡುವೆ ಒಂದಿಷ್ಟು ಪತ್ರವ್ಯವಹಾರ ನಡೆದದ್ದುಂಟು. ಕಾಲಕ್ರಮೇಣ ಅದು ಸೌಹಾರ್ದದಿಂದ ಬಗೆಹರಿಯಿತು.

1999ರ ಪಾರದರ್ಶಕತೆ ಕಾಯಿದೆ ಟೆಂಡರ್ ಪದ್ಧತಿಗೆ ಶಿಸ್ತು ತಂದಿತು. ಹೊಸ ಕಟ್ಟಡ ಕಟ್ಟಲು ಅದು ಸರಿಯಾದ ದಾರಿ. ತೊಟ್ಟಿಕ್ಕುವ ನಲ್ಲಿಗೆ ಮಾತ್ರ ಅದು ಹೊಂದಲಿಲ್ಲ. ಆಸ್ಪತ್ರೆಯ ವಾರ್ಡಿನ ಗೋಡೆಯೊಳಗೆ ಪೈಪು ಒಡೆದಿದೆ ಎಂದುಕೊಳ್ಳಿ. ನೀರು ಇಳಿದು ವಯರಿನ ಕೊಳವೆ ಸೇರಿ ಸ್ವಿಚ್ಚು ಮುಟ್ಟಿದರೆ ಜುಮ್ಮೆನ್ನುತ್ತದೆ, ಗಿಲಾವು ಉಬ್ಬಿ ಬೀಳುತ್ತದೆ, ಬಾಗಿಲ ಚೌಕಟ್ಟು ಕೊಳೆಯುತ್ತದೆ. ಪ್ಲಂಬರ್, ವಯರ್‌ಮನ್, ಗಾರೆಯವನು, ಬಡಗಿ, ಕೊನೆಗೆ ಬಣ್ಣದವನು: ಐವರ ಕೆಲಸ. ಸಿವಿಲ್ ಶಾಖೆಗೆ ಒಂದು ಪತ್ರ, ವಿದ್ಯುತ್ ಶಾಖೆಗೆ ಇನ್ನೊಂದು, ಅಂದಾಜುಪಟ್ಟಿ ಎರಡು, ಗುತ್ತಿಗೆದಾರರು ಇಬ್ಬರು. ಗಾರೆಯವನು ಮೊದಲು ಬಂದು ಗೋಡೆ ಮುಚ್ಚಿ ಹೋದರೆ ಪ್ಲಂಬರ್ ಬಂದು ಮತ್ತೆ ಒಡೆಯುತ್ತಾನೆ. ಯಾರೂ ತಪ್ಪು ಮಾಡಿಲ್ಲ. ಎಲ್ಲರ ಅಳತೆ ಪುಸ್ತಕವೂ ಸರಿಯಾಗಿದೆ. ವಾರ್ಡಿನಲ್ಲಿ ಮಲಗಿರುವ ಬಾಣಂತಿಗೆ ಮಾತ್ರ ಮಂಚ ಸರಿಸಿಕೊಳ್ಳುವುದು ತಪ್ಪಲಿಲ್ಲ.

2012ರ ಈಚೆಗೆ: ಸಮುಚ್ಚಯಗಳು ಮತ್ತು ವಲಯದ ಮಾತು

ಕಟ್ಟಡಗಳ ಸ್ವರೂಪವೇ ಬದಲಾಗುತ್ತ ಬಂದಿದೆ. ಹತ್ತು ಕಡೆ ಚದುರಿದ್ದ ಕಚೇರಿಗಳು ಮಿನಿ ವಿಧಾನಸೌಧದ ಒಂದೇ ಸೂರಿನಡಿ ಸೇರಿದವು. ತಾಲ್ಲೂಕು ಆಸ್ಪತ್ರೆ, ನ್ಯಾಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ ಎಲ್ಲವೂ ಈಗ ಒಂಟಿ ಕಟ್ಟಡಗಳಲ್ಲ, ಆವರಣಗಳು. ಮೋಟಾರು, ಮೇಲ್ತೊಟ್ಟಿ, ಜನರೇಟರ್, ಒಳಚರಂಡಿ, ಲಿಫ್ಟ್ ಎಲ್ಲ ಇರುವ ಆವರಣಕ್ಕೆ ವರ್ಷಕ್ಕೊಮ್ಮೆಯ ಸುಣ್ಣಬಣ್ಣ ಸಾಲದು, ದಿನದ ಆರೈಕೆ ಬೇಕು.

ವಲಯವಾರು ಕಸುಬು ತಂಡದ, ಅಂದರೆ ಒಂದು ವಲಯದ ಕಟ್ಟಡಗಳನ್ನೆಲ್ಲ ಎಲ್ಲ ಕಸುಬಿನವರೂ ಇರುವ ಒಂದೇ ತಂಡ ನೋಡಿಕೊಳ್ಳುವ, ವಿಚಾರ ಹುಟ್ಟುವುದು ಇಲ್ಲಿ. ಇದು ಹೊಚ್ಚ ಹೊಸ ಯೋಚನೆಯಲ್ಲ. 1854ರಲ್ಲಿ ಹುಟ್ಟಿದ ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ವಸತಿ ಬಡಾವಣೆಗಳಲ್ಲಿ ಬಹಳ ಕಾಲದಿಂದ ನಡೆಸಿಕೊಂಡು ಬಂದ ಏರ್ಪಾಟು ಹೀಗೆಯೇ ಇದೆ. ಬಡಾವಣೆಯೊಳಗೇ ಒಂದು ಸಣ್ಣ ಕಚೇರಿ, ಅದನ್ನು ಜನ ಎಂಕ್ವಯರಿ ಎನ್ನುತ್ತಾರೆ. ಅಲ್ಲಿ ಗಾರೆಯವರು, ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಸಹಾಯಕರು, ಅವರ ಮೇಲೆ ಜೂನಿಯರ್ ಇಂಜಿನಿಯರ್. ದೂರು ಅಲ್ಲೇ ದಾಖಲು, ಆಳು ಅಲ್ಲಿಂದಲೇ ಹೊರಡುತ್ತಾನೆ. ದೊಡ್ಡ ವಿಶ್ವವಿದ್ಯಾಲಯದ ಆವರಣಗಳಲ್ಲೂ ಇದೇ ತತ್ವ ಬೇರೆ ಬೇರೆ ರೂಪದಲ್ಲಿ ನಡೆದಿದೆ.

ಇದರಲ್ಲಿ ಒಂದು ಆಯ್ಕೆ ಅಡಗಿದೆ. ಕಸುಬಿನಂತೆ ಗುಂಪು ಮಾಡಿದರೆ ಎಲ್ಲ ಬಡಗಿಗಳೂ ಒಂದು ಕಡೆ. ಕೌಶಲ ಬೆಳೆಯುತ್ತದೆ, ಉಪಕರಣ ಹಂಚಿಕೊಳ್ಳಬಹುದು, ಕಿರಿಯ ಹಿರಿಯನಿಂದ ಕಲಿಯುತ್ತಾನೆ. ಆದರೆ ಯಾವ ಕಟ್ಟಡವೂ ಯಾರದೂ ಅಲ್ಲ. ವಲಯದಂತೆ ಮಾಡಿದರೆ ಕಟ್ಟಡಕ್ಕೊಬ್ಬ ಯಜಮಾನ ಸಿಗುತ್ತಾನೆ, ಆದರೆ ಒಬ್ಬನೇ ಬಡಗಿ ತನ್ನ ವಲಯದಲ್ಲಿ ಒಂಟಿಯಾಗುತ್ತಾನೆ, ರಜೆ ಹಾಕಿದರೆ ಕೆಲಸ ನಿಲ್ಲುತ್ತದೆ. ನನ್ನ ಮತ ವಲಯದ ಕಡೆಗೇ. ಏಕೆಂದರೆ ಕಸುಬನ್ನು ಐಟಿಐಯಲ್ಲಿ ಕಲಿಸಬಹುದು. ಈ ಗೋಡೆಯೊಳಗೆ ಪೈಪು ಎಲ್ಲಿ ತಿರುಗಿದೆ ಎಂಬುದನ್ನು ಆ ಕಟ್ಟಡದಲ್ಲಿ ಓಡಾಡಿಯೇ ಕಲಿಯಬೇಕು. ಲಿಫ್ಟ್, ಜನರೇಟರ್, ದೊಡ್ಡ ಪಂಪುಗಳಂಥ ಅಪರೂಪದ ಕೆಲಸಕ್ಕೆ ಎರಡೂ ತಾಲ್ಲೂಕಿಗೆ ಸೇರಿ ಒಂದೇ ತಂಡ ಸಾಕು.

ನಂಜನಗೂಡು ಪಟ್ಟಣದಲ್ಲಿ ಇಂಥ ವಲಯ ಮಾಡುವುದು ಸುಲಭ. ಮುಖ್ಯ ಕಟ್ಟಡಗಳು ನಡಿಗೆಯ ದೂರದಲ್ಲಿವೆ. ತಿ. ನರಸೀಪುರ ತಾಲ್ಲೂಕಿನಲ್ಲಿ ಹಾಗಲ್ಲ. ಬನ್ನೂರು ಒಂದು ದಿಕ್ಕು, ತಲಕಾಡು ಒಂದು ದಿಕ್ಕು, ಮೂಗೂರು ಇನ್ನೊಂದು. ಅಲ್ಲಿ ತಂಡ ಕೂತಲ್ಲಿ ಕೂರುವಂತಿಲ್ಲ. ವಾರಕ್ಕೊಂದು ಸರದಿಯಂತೆ ಹೋಬಳಿಗಳನ್ನು ಸುತ್ತುವ ಗಾಡಿ ಬೇಕು, ಗಾಡಿಯೊಳಗೆ ವಾಶರ್, ಟ್ಯಾಪು, ಹೋಲ್ಡರ್, ಅರ್ಧ ಮೂಟೆ ಸಿಮೆಂಟು, ಹತ್ತಿಪ್ಪತ್ತು ಹೆಂಚು ಇರಬೇಕು. ಒಂದು ವಾಶರಿಗಾಗಿ ಮೈಸೂರಿಗೆ ಬಸ್ಸು ಹತ್ತುವ ಕಾಲ ಮುಗಿಯಬೇಕು.

ಈ ಸೀಮೆಗೆ ತನ್ನದೇ ಆದ ಪಂಚಾಂಗವೂ ಉಂಟು, ತಂಡದ ಕೆಲಸ ಅದಕ್ಕೆ ಹೊಂದಬೇಕು. ಫಾಲ್ಗುಣದ ದೊಡ್ಡ ಜಾತ್ರೆಗೆ ನಂಜನಗೂಡಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಆ ವಾರ ಶೌಚಾಲಯ, ನೀರಿನ ಕೊಳಾಯಿ, ಆಸ್ಪತ್ರೆಯ ದೀಪ ಕೈಕೊಡುವಂತಿಲ್ಲ. ತಿರುಮಕೂಡಲಿನಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಎಂದು ಆರಂಭವಾದ ಕುಂಭಮೇಳ 2019ರಲ್ಲಿ, ಆಮೇಲೆ 2025ರ ಫೆಬ್ರವರಿಯಲ್ಲಿ ನಡೆಯಿತು. ತಲಕಾಡಿನ ಪಂಚಲಿಂಗ ದರ್ಶನ 2020ರಲ್ಲಿ ಬಂದಿತ್ತು. ಇಂಥ ಸಂದರ್ಭಗಳಲ್ಲಿ ಇಡೀ ಜಿಲ್ಲೆಯ ಆಳುಗಳು ಒಂದಾಗುತ್ತಾರೆ, ಕೆಲಸ ಸೊಗಸಾಗಿ ಆಗುತ್ತದೆ. ಪ್ರತಿ ಮೇಳದಲ್ಲೂ ಒಂದು ತಿಂಗಳ ಮಟ್ಟಿಗೆ ಕಸುಬುದಾರರೆಲ್ಲ ಒಂದೇ ವಲಯಕ್ಕೆ ಸೇರಿ ಒಬ್ಬರ ಮಾತಿನಂತೆ ದುಡಿಯುತ್ತಾರೆ. ಮೇಳ ಮುಗಿದ ಮೇಲೂ ಅದೇ ಏರ್ಪಾಟನ್ನು ಚಿಕ್ಕದಾಗಿ ಉಳಿಸಿಕೊಳ್ಳಬಾರದೇಕೆ?

ಇನ್ನು ನದಿ. 2018 ಮತ್ತು 2019ರ ಮಳೆಗಾಲದಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ಸ್ನಾನಘಟ್ಟದ ಬಳಿಯ ಹದಿನಾರು ಕಾಲು ಮಂಟಪ ಮುಳುಗಿತು, ತಗ್ಗಿನ ಬೀದಿಗಳಿಗೆ ನೀರು ನುಗ್ಗಿತು. ಕಬಿನಿ ಜಲಾಶಯದಿಂದ ನೀರು ಬಿಡುವ ಸುದ್ದಿ ಬಂದ ಕೂಡಲೇ ತಗ್ಗಿನ ಕಟ್ಟಡಗಳ ಮೈನ್ ಸ್ವಿಚ್ ಆರಿಸುವವರು, ನೆಲದ ತೊಟ್ಟಿಯ ಮುಚ್ಚಳ ಬಿಗಿಯುವವರು, ಕಡತಗಳನ್ನು ಮೇಲಂತಸ್ತಿಗೆ ಸಾಗಿಸುವವರು ಯಾರು ಎಂಬುದು ಮೊದಲೇ ಗೊತ್ತಿರಬೇಕು. ನೀರು ಇಳಿದ ಮೇಲೆ ಕೆಸರು ಒಣಗುವ ಮುನ್ನ ತೊಳೆಯಬೇಕು, ವಯರಿಂಗ್ ಪರೀಕ್ಷಿಸದೆ ದೀಪ ಹಾಕಬಾರದು. ವಲಯದ ತಂಡವಿದ್ದರೆ ಈ ಹೊಣೆ ಹೆಸರು ಹಿಡಿದು ಹಂಚಬಹುದು.

ಒಂದು ಮಾತನ್ನು ಯೋಜನೆ ಮಾಡುವವರ ಗಮನಕ್ಕೆ ತರಬೇಕು. ತಂಡದ ಹುದ್ದೆಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಗಾರೆಯವನು ಎಂದರೆ ಸಿಮೆಂಟಿನವನು. ಸುಣ್ಣದ ಗಾರೆ ಬಲ್ಲವರು ಈಗ ಬೆರಳೆಣಿಕೆ. ನಮ್ಮ ಹಳೆಯ ತಾರಸಿಗಳ ಬಿರುಕಿಗೆ ಸಿಮೆಂಟು ತುಂಬಿದರೆ ಅದು ಸುಣ್ಣದ ಜೊತೆ ಕೂಡದೆ ಮುಂದಿನ ಬೇಸಿಗೆಗೆ ಬೇರೆಯಾಗಿ, ಬಿರುಕು ಮೊದಲಿಗಿಂತ ಅಗಲವಾಗುತ್ತದೆ. ಗೋಡೆಗೆ ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ಎರಡೂ ತಾಲ್ಲೂಕಿಗೆ ಸೇರಿ ಕನಿಷ್ಠ ಒಬ್ಬ ಸುಣ್ಣದ ಗಾರೆಯವನ ಹುದ್ದೆ, ಅವನ ಜೊತೆ ಕಲಿಯಲು ಇಬ್ಬರು ಹುಡುಗರು, ಸುಣ್ಣ ನೆನೆಹಾಕಲು ಒಂದು ಗುಂಡಿ, ಇಷ್ಟನ್ನು ಪಟ್ಟಿಗೆ ಸೇರಿಸಬೇಕು. ಹಿರಿಯ ಮೇಸ್ತ್ರಿಗಳಲ್ಲಿ ಕೆಲವರು ನಿವೃತ್ತರಾಗಿ ಇದೇ ಊರುಗಳಲ್ಲಿದ್ದಾರೆ. ಅವರನ್ನು ಕರೆದು ಕಟ್ಟಡ ಕಟ್ಟಡಕ್ಕೂ ಸುತ್ತಾಡಿಸಿ, ಅವರು ಹೇಳಿದ್ದನ್ನು ಕಟ್ಟಡಕ್ಕೊಂದರಂತೆ ಪುಸ್ತಕದಲ್ಲಿ ಬರೆದಿಡುವ ಕೆಲಸ ಈ ಬೇಸಿಗೆಯಲ್ಲೇ ಆಗಬೇಕು, ಮುಂಗಾರಿಗೆ ಮೊದಲು.